ಕಡಲಿಗೆ ಕಟ್ಟೆ ಕಟ್ಟಿದ ಕಾರ್ನೆಲಿಸ್ ಲೇಲಿ

ಯೂರೋಪ್ ಖಂಡದ ವಾಯವ್ಯ ಭಾಗದಲ್ಲಿ, ಉತ್ತರ ಸಮುದ್ರದ ಅಂಚಿನಲ್ಲಿ, ನೆದರ್ಲೆಂಡ್ಸ್ ಎಂಬ ಚಿಕ್ಕ ದೇಶವಿದೆ. ಅದನ್ನು ಹಾಲೆಂಡ್ ಎಂದೂ ಅಲ್ಲಿಯ ಜನರನ್ನು ಡಚ್ಚರೆಂದೂ ಕರೆಯುವುದು ರೂಢಿ. ನೆದರ್ಲೆಂಡ್ಸ್ ಎಂದರೆ ತಗ್ಗಿನ ನಾಡು. ಹೆಸರಿಗೆ ತಕ್ಕಂತೆ ಆ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಮ್ಮ ಊರಿನ ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಒಂದು ಕಡೆಯಲ್ಲಿ ತುಂಬಿದ ನೀರೂ ಇನ್ನೊಂದು ಕಡೆಯಲ್ಲಿ ಅದಕ್ಕಿಂತ ತಗ್ಗಿನಲ್ಲಿ ಗದ್ದೆ ತೋಟಗಳೂ ಕಾಣುತ್ತವೆ. ಹಾಲೆಂಡಿನ ಕರಾವಳಿಯ ನೋಟವೂ ಅಂತಹುದೇ. ಆದರೆ ಅಲ್ಲಿ ಏರಿಯ ಆಚೆಗಿರುವುದು ಕೆರೆಯಲ್ಲ, ಕಡಲು. ನಮ್ಮ ಹಿರಿಯರು ನೀರನ್ನು ಹಿಡಿದಿಡುವುದಕ್ಕಾಗಿ ಏರಿ ಕಟ್ಟಿದರು. ಡಚ್ಚರ ಹಿರಿಯರು ನೀರನ್ನು ಹೊರಗಿಡುವುದಕ್ಕಾಗಿ ಏರಿ ಕಟ್ಟಿದರು. ಈ ಏರಿಗೆ ಅವರ ಭಾಷೆಯಲ್ಲಿ ಡೈಕ್ ಎಂದು ಹೆಸರು.

ಏರಿಯನ್ನು ಒಮ್ಮೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಳೆ ಗಾಳಿಗಳಿಗೆ ಅದು ಸವೆಯುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ. ಪ್ರಾಣಿಗಳು ಅದರಲ್ಲಿ ಬಿಲ ತೋಡುತ್ತವೆ. ತನ್ನ ಭಾರಕ್ಕೆ ತಾನೇ ಕುಸಿದು ಕಾಲಕ್ರಮದಲ್ಲಿ ಗಿಡ್ಡಾಗುತ್ತದೆ. ಹತ್ತು ಹರದಾರಿ ಉದ್ದದ ಏರಿಯಲ್ಲಿ ಹತ್ತು ಮಾರು ಸಡಿಲವಾದರೂ ಸಾಕು, ಕಡಲು ಆ ಸ್ಥಳವನ್ನೇ ಹುಡುಕಿಕೊಂಡು ಬರುತ್ತದೆ. ಆದುದರಿಂದ ಮಧ್ಯಯುಗದಿಂದಲೂ ಆ ದೇಶದ ಊರೂರುಗಳಲ್ಲಿ ಏರಿಗಳ ಮೇಲ್ವಿಚಾರಣೆಗೆಂದೇ ಜಲಮಂಡಳಿಗಳು ಏರ್ಪಟ್ಟಿದ್ದವು. ತನ್ನ ಪಾಲಿನ ಏರಿಯನ್ನು ಕಾಯುವುದು ಪ್ರತಿಯೊಬ್ಬ ರೈತನ ಕರ್ತವ್ಯವಾಗಿತ್ತು. ಇಂತಹ ನಾಡಿನಲ್ಲಿ ಹುಟ್ಟಿ, ಏರಿ ಕಟ್ಟುವ ವಿದ್ಯೆಯನ್ನೇ ಬಾಳಿನ ವ್ರತವನ್ನಾಗಿ ಮಾಡಿಕೊಂಡು, ಒಂದು ಸಮುದ್ರವನ್ನೇ ಸರೋವರವನ್ನಾಗಿಸುವ ಯೋಜನೆಯನ್ನು ರೂಪಿಸಿದ ಇಂಜಿನಿಯರು ಕಾರ್ನೆಲಿಸ್ ಲೇಲಿ.

ಲೇಲಿಯ ಸಾಧನೆಯನ್ನು ಅರಿಯಬೇಕಾದರೆ ಮೊದಲು ಜೈಡರ್ ಜೀ ಎಂಬ ಸಮುದ್ರದ ಕಥೆಯನ್ನು ತಿಳಿಯಬೇಕು. ಈ ಹೆಸರಿಗೆ ತೆಂಕಣ ಕಡಲು ಎಂದು ಅರ್ಥ. ಹಿಂದೆ ಹಾಲೆಂಡಿನ ನಡುಭಾಗದಲ್ಲಿ ಒಂದು ದೊಡ್ಡ ಸರೋವರವೂ ಅದರ ಸುತ್ತ ಜೌಗುನೆಲವೂ ಇದ್ದವು. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಬೀಸಿದ ಭಾರಿ ಬಿರುಗಾಳಿಗಳಿಂದ ಉತ್ತರ ಸಮುದ್ರವು ಮೇಲೆದ್ದು ಒಳನುಗ್ಗಿ, ಜೌಗುನೆಲವನ್ನು ಕೊಚ್ಚಿಕೊಂಡು ಹೋಯಿತು. 1170 ಮತ್ತು 1287ರ ಪ್ರವಾಹಗಳು ಇವುಗಳಲ್ಲಿ ಮುಖ್ಯವಾದುವು. ಹೀಗೆ ಸರೋವರವು ಕೊಲ್ಲಿಯಾಯಿತು, ಸಿಹಿನೀರು ಉಪ್ಪುನೀರಾಯಿತು. ಆ ಕೊಲ್ಲಿಯ ದಂಡೆಯಲ್ಲಿ ಬಂದರುಗಳು ಬೆಳೆದವು, ಮೀನುಗಾರರ ಊರುಗಳು ಹುಟ್ಟಿಕೊಂಡವು. ಆಮ್ಸ್ಟರ್‌ಡಾಮ್ ನಗರದ ಹಡಗುಗಳು ಈ ಜಲಮಾರ್ಗವಾಗಿಯೇ ದೂರದೇಶಗಳಿಗೆ ಹೋಗಿಬಂದವು. ಆದರೆ ಅನ್ನ ಕೊಟ್ಟ ಕಡಲೇ ಆಗಾಗ್ಗೆ ಪ್ರಾಣವನ್ನೂ ತೆಗೆಯುತ್ತಿತ್ತು. ವಾಯವ್ಯದ ಗಾಳಿ ಬಲವಾಗಿ ಬೀಸಿದಾಗ ಉತ್ತರ ಸಮುದ್ರದ ನೀರು ಕೊಲ್ಲಿಯ ಬಾಯಿಂದ ಒಳಹೊಕ್ಕು, ಹೊರಹೋಗಲು ದಾರಿಯಿಲ್ಲದೆ ಏರಿಗಳ ಮೇಲೆ ಒತ್ತುತ್ತಿತ್ತು. 1825ರ ಫೆಬ್ರವರಿಯಲ್ಲಿ ಹೀಗೆಯೇ ಏರಿಗಳು ಒಡೆದು ನೂರಾರು ಜನ ಸತ್ತರು.

ಈ ಕೊಲ್ಲಿಯ ಬಾಯನ್ನೇ ಮುಚ್ಚಿಬಿಟ್ಟರೆ ಹೇಗೆ ಎಂಬ ಆಲೋಚನೆ ಹೊಸದಾಗಿರಲಿಲ್ಲ. 1667ರಲ್ಲಿಯೇ ಹೆಂಡ್ರಿಕ್ ಸ್ಟೆವಿನ್ ಎಂಬ ವಿದ್ವಾಂಸನು ಅಂತಹುದೊಂದು ಸೂಚನೆಯನ್ನು ಗ್ರಂಥಸ್ಥಗೊಳಿಸಿದ್ದನು. ಆದರೆ ಆ ಕಾಲದ ಸನಿಕೆ, ಬುಟ್ಟಿ, ಗಾಳಿಗಿರಣಿಗಳಿಂದ ಅಷ್ಟು ದೊಡ್ಡ ಕಾರ್ಯ ಸಾಧ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರಗಳು ಬಳಕೆಗೆ ಬಂದ ಮೇಲೆ ಹಳೆಯ ಕನಸು ಮತ್ತೆ ಚಿಗುರಿತು. ಅದಕ್ಕೆ ಲೆಕ್ಕ, ಅಳತೆ, ನಕ್ಷೆಗಳ ಆಧಾರ ಕೊಡಬಲ್ಲ ಒಬ್ಬ ಸಮರ್ಥನು ಬೇಕಾಗಿದ್ದನು.

ಕಾರ್ನೆಲಿಸ್ ಲೇಲಿ 1854ರ ಸೆಪ್ಟೆಂಬರ್ 23ರಂದು ಆಮ್ಸ್ಟರ್‌ಡಾಮ್ ನಗರದಲ್ಲಿ ಜನಿಸಿದನು. ಡೆಲ್ಫ್ಟ್ ನಗರದ ಪಾಲಿಟೆಕ್ನಿಕ್ ಶಾಲೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ವ್ಯಾಸಂಗ ಮಾಡಿ 1875ರಲ್ಲಿ ಪದವಿ ಪಡೆದನು. ಕೆಲವು ವರ್ಷಗಳ ಕಾಲ ನೀರಿಗೆ ಸಂಬಂಧಿಸಿದ ಬಗೆಬಗೆಯ ಕೆಲಸಗಳಲ್ಲಿ ತೊಡಗಿ ಅನುಭವ ಗಳಿಸಿದನು. 1886ರಲ್ಲಿ ಜೈಡರ್ ಜೀಯನ್ನು ಮುಚ್ಚುವ ಸಾಧ್ಯಾಸಾಧ್ಯತೆಗಳನ್ನು ಪರಿಶೀಲಿಸಲು ಕೆಲವು ಮಹನೀಯರು ಸೇರಿ ಜೈಡರ್ ಜೀ ಸಂಘವನ್ನು ಸ್ಥಾಪಿಸಿದರು. ಆ ಸಂಘದ ಇಂಜಿನಿಯರಾಗಿ ಸೇರಿದಾಗ ಲೇಲಿಗೆ ಮೂವತ್ತೆರಡು ವರ್ಷವೂ ತುಂಬಿರಲಿಲ್ಲವೆಂದರೆ ಸಲ್ಲುತ್ತದೆ. ಅಂದು ಕೈಗೆತ್ತಿಕೊಂಡ ಕೆಲಸವನ್ನು ಅವನು ಸಾಯುವವರೆಗೂ ಕೆಳಗಿಡಲಿಲ್ಲ.

ಮೊದಲು ಲೇಲಿ ಸಮುದ್ರವನ್ನು ಅಭ್ಯಾಸ ಮಾಡಿದನು. ಎಲ್ಲಿ ಎಷ್ಟು ಆಳವಿದೆ, ತಳದಲ್ಲಿರುವುದು ಮರಳೋ ಜೇಡಿಯೋ, ಭರತ ಬಂದಾಗ ನೀರು ಎಷ್ಟು ಏರುತ್ತದೆ, ನದಿಗಳು ತರುವ ನೀರೆಷ್ಟು, ಎಂಬುದನ್ನೆಲ್ಲ ವಿಚಾರಿಸಿ ಎಂಟು ವರದಿಗಳನ್ನು ಸಿದ್ಧಪಡಿಸಿದನು. ಅವುಗಳ ಫಲವಾಗಿ 1891ರಲ್ಲಿ ಅವನ ಯೋಜನೆ ಸ್ಪಷ್ಟವಾದ ರೂಪವನ್ನು ತಳೆಯಿತು. ಉತ್ತರ ಹಾಲೆಂಡಿನ ತೀರದಿಂದ ವೀರಿಂಗನ್ ಎಂಬ ದ್ವೀಪಕ್ಕೂ, ಅಲ್ಲಿಂದ ಎದುರುದಂಡೆಯ ಫ್ರೀಸ್‌ಲಂಡ್ ಪ್ರಾಂತಕ್ಕೂ ಒಂದು ಬಲವಾದ ಏರಿಯನ್ನು ಹಾಕಿ ಕಡಲನ್ನು ಬೇರ್ಪಡಿಸಬೇಕು. ಒಳಗೆ ಉಳಿದ ನೀರಿನಲ್ಲಿ, ತಳದ ಮಣ್ಣು ಬೇಸಾಯಕ್ಕೆ ಒಳ್ಳೆಯದಾಗಿರುವ ನಾಲ್ಕು ಕಡೆಗಳನ್ನು ಆರಿಸಿ, ಅವುಗಳ ಸುತ್ತ ಒಳ ಏರಿಗಳನ್ನು ಕಟ್ಟಿ, ನೀರನ್ನು ಪಂಪುಗಳಿಂದ ಹೊರಚೆಲ್ಲಿ ಹೊಲಗಳನ್ನಾಗಿ ಮಾಡಬೇಕು. ಮರಳಿನ ತಳವಿರುವ ನಡುಭಾಗವನ್ನು ಸರೋವರವಾಗಿಯೇ ಬಿಡಬೇಕು. ಐಸಲ್ ನದಿ ಬಂದು ಈ ಸರೋವರವನ್ನು ಸೇರುವುದರಿಂದ ಕಾಲಕ್ರಮದಲ್ಲಿ ನೀರು ಸಿಹಿಯಾಗುವುದು. ಹೆಚ್ಚಾದ ನೀರನ್ನು ಇಳಿತದ ಹೊತ್ತಿನಲ್ಲಿ ಏರಿಯ ತೂಬುಗಳ ಮೂಲಕ ಕಡಲಿಗೆ ಬಿಡಬಹುದು. ಹೀಗೆ ನೀರಿನಿಂದ ಪಡೆದು, ಏರಿಯಿಂದ ಸುತ್ತುವರಿದ ನೆಲವನ್ನು ಡಚ್ಚರು ಪೋಲ್ಡರ್ ಎನ್ನುತ್ತಾರೆ.

ಈ ಯೋಜನೆಯ ತಿರುಳು ಸರಳವಾದುದು. ಕೊಲ್ಲಿಯ ಸುತ್ತ ಇದ್ದ ಹಳೆಯ ಏರಿಗಳ ಉದ್ದ ಸುಮಾರು 300 ಕಿಲೋಮೀಟರು. ಅಷ್ಟನ್ನೂ ಎತ್ತರಿಸಿ, ಅಗಲಿಸಿ, ನಿತ್ಯವೂ ಕಾಯುವುದು ಒಂದು ಮಾರ್ಗ. ಕೊಲ್ಲಿಯ ಬಾಯಲ್ಲಿ ಚಿಕ್ಕದಾದ ಒಂದೇ ಏರಿಯನ್ನು ಅತಿ ಬಲವಾಗಿ ಕಟ್ಟುವುದು ಇನ್ನೊಂದು ಮಾರ್ಗ. ಕಾಯಬೇಕಾದ ಗಡಿ ಚಿಕ್ಕದಾದಷ್ಟೂ ಕಾವಲು ಬಿಗಿಯಾಗುತ್ತದೆಂಬುದು ಲೇಲಿಯ ನಂಬಿಕೆಯಾಗಿತ್ತು.

ನಕ್ಷೆ ಬರೆಯುವುದಕ್ಕಿಂತ ಜನರನ್ನು ಒಪ್ಪಿಸುವುದು ಕಠಿಣ. ಯೋಜನೆ ಪೂರ್ಣಗೊಂಡ 1891ರಲ್ಲಿಯೇ ಲೇಲಿ ಜಲಕಾರ್ಯ, ವಾಣಿಜ್ಯ ಮತ್ತು ಕೈಗಾರಿಕೆಗಳ ಮಂತ್ರಿಯಾದನು. ಆಗ ಅವನ ವಯಸ್ಸು ಮೂವತ್ತಾರು. ಅವನ ಯೋಜನೆಯನ್ನು ಪರೀಕ್ಷಿಸಲು 1892ರಲ್ಲಿ ಸರ್ಕಾರ ಒಂದು ಆಯೋಗವನ್ನು ನೇಮಿಸಿತು. 1894ರಲ್ಲಿ ಆಯೋಗವು ಯೋಜನೆಗೆ ಅನುಕೂಲವಾದ ಅಭಿಪ್ರಾಯವನ್ನು ಕೊಟ್ಟಿತು. ಆದರೆ ಅದೇ ವರ್ಷ ಮಂತ್ರಿಮಂಡಲ ಬಿದ್ದುಹೋಯಿತು. 1897ರಲ್ಲಿ ಲೇಲಿ ಎರಡನೆಯ ಬಾರಿ ಮಂತ್ರಿಯಾದನು. 1901ರಲ್ಲಿ ಸಮುದ್ರವನ್ನು ಮುಚ್ಚುವ ಮಸೂದೆಯನ್ನು ಮಂಡಿಸಿದನು. ಅಷ್ಟರಲ್ಲಿ ಆ ಮಂತ್ರಿಮಂಡಲದ ಕಾಲವೂ ಮುಗಿಯಿತು. ಮುಂದೆ ಬಂದವರು ಮಸೂದೆಯನ್ನು ಹಿಂದಕ್ಕೆ ಪಡೆದರು. ವೆಚ್ಚ ಅತಿಯಾಯಿತೆಂದು ಕೆಲವರು ಆಕ್ಷೇಪಿಸಿದರು. ಮೀನುಗಾರರು ತಮ್ಮ ಬದುಕು ಹಾಳಾಗುವುದೆಂದು ಅಂಜಿದರು. ಬಿರುಗಾಳಿಯಿಲ್ಲದ ವರ್ಷಗಳಲ್ಲಿ ಏರಿಯ ಚಿಂತೆ ಯಾರಿಗೂ ಇರುವುದಿಲ್ಲ. ಅದೇ ಲೇಲಿಯ ದೊಡ್ಡ ಅಡಚಣೆಯಾಗಿತ್ತು.

ಆದರೂ ಅವನು ಕಹಿಗೊಂಡು ಕೈಕಟ್ಟಿ ಕುಳಿತವನಲ್ಲ. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ದೊರಕಿಸುವ 1901ರ ಅಪಘಾತ ವಿಮೆಯ ಶಾಸನ ಅವನು ಮಂತ್ರಿಯಾಗಿದ್ದಾಗಲೇ ಅಂಗೀಕಾರವಾಯಿತು. 1902ರಿಂದ 1905ರವರೆಗೆ ದಕ್ಷಿಣ ಅಮೆರಿಕದ ಡಚ್ ವಸಾಹತಾದ ಸುರಿನಾಮಿನಲ್ಲಿ ಗವರ್ನರನಾಗಿದ್ದನು. ಮರಳಿ ಬಂದ ಮೇಲೆ ಹೇಗ್ ನಗರದ ಆಡಳಿತದಲ್ಲಿ ದುಡಿದನು. 1913ರಲ್ಲಿ ಮೂರನೆಯ ಬಾರಿ ಮಂತ್ರಿಪದವಿ ಅವನನ್ನು ಅರಸಿಕೊಂಡು ಬಂದಿತು. ಆ ವರ್ಷ ರಾಣಿ ವಿಲ್ಹೆಲ್ಮಿನಾ ಸಂಸತ್ತಿನಲ್ಲಿ ಮಾಡಿದ ಭಾಷಣದಲ್ಲಿ ಜೈಡರ್ ಜೀಯನ್ನು ಮುಚ್ಚುವ ಕಾರ್ಯವೂ ಸೇರಿತ್ತು. ಆದರೆ 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹಾಲೆಂಡ್ ಯಾರ ಪಕ್ಷವನ್ನೂ ವಹಿಸಲಿಲ್ಲವಾದರೂ ಯುದ್ಧದ ಬಿಸಿ ಅದಕ್ಕೂ ತಟ್ಟಿತು. ಯೋಜನೆ ಮತ್ತೆ ಹಿಂದೆ ಬಿದ್ದಿತು.

ಮನುಷ್ಯರು ಮುಂದೂಡಿದ ಕಾರ್ಯವನ್ನು ಕಡಲೇ ಮುಂದಕ್ಕೆ ತಂದಿತು. 1916ರ ಜನವರಿ 13 ಮತ್ತು 14ರ ನಡುವಣ ರಾತ್ರಿ ವಾಯವ್ಯದಿಂದ ಬಿರುಗಾಳಿ ಎದ್ದಿತು. ಉತ್ತರ ಸಮುದ್ರದ ನೀರು ರಾಶಿರಾಶಿಯಾಗಿ ಕೊಲ್ಲಿಯೊಳಕ್ಕೆ ನುಗ್ಗಿತು. ಜೈಡರ್ ಜೀಯ ಸುತ್ತಮುತ್ತಲ ಏರಿಗಳು ಹಲವೆಡೆ ಒಡೆದವು. ಆಮ್ಸ್ಟರ್‌ಡಾಮಿನ ಉತ್ತರಕ್ಕಿದ್ದ ಹುಲ್ಲುಗಾವಲುಗಳು ಜಲಾವೃತವಾದವು, ದನಕರುಗಳು ಕೊಚ್ಚಿಹೋದವು. ಮಾರ್ಕನ್ ಎಂಬ ಪುಟ್ಟ ದ್ವೀಪವೊಂದರಲ್ಲಿಯೇ ಹದಿನಾರು ಜನ ಪ್ರಾಣ ಕಳೆದುಕೊಂಡರು. ಬೆಳಗಾದಾಗ ಹೊಲವೆಲ್ಲಿ ಕಡಲೆಲ್ಲಿ ಎಂಬುದು ತಿಳಿಯದಂತಾಗಿತ್ತು.

ಏರಿಯು ಹೇಗೆ ಒಡೆಯುತ್ತದೆಂಬುದನ್ನು ಇಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಕಡಲು ಮುಂದಿನಿಂದ ಗುದ್ದಿ ಏರಿಯನ್ನು ಕೆಡವುತ್ತದೆಂದು ಅನೇಕರು ಭಾವಿಸುತ್ತಾರೆ. ಎಷ್ಟೋ ವೇಳೆ ಹಾಗಾಗುವುದಿಲ್ಲ. ಅಲೆಗಳು ಏರಿಯ ನೆತ್ತಿಯನ್ನು ದಾಟಿ ಹಿಂಬದಿಗೆ ಸುರಿಯುತ್ತವೆ. ಹಿಂಬದಿಯ ಇಳಿಜಾರು ಕಡಿದಾಗಿದ್ದರೆ ಅಲ್ಲಿಯ ಮಣ್ಣು ನೆನೆದು, ಕೊರೆದು, ಜಾರಿ ಬೀಳುತ್ತದೆ. ಬೆನ್ನು ಮುರಿದ ಏರಿ ಮುಂದೆ ನಿಲ್ಲಲಾರದು. ಕೆಲವು ವೇಳೆ ನೀರು ಏರಿಯ ಬುಡದ ಮರಳಿನಲ್ಲಿ ಜಿನುಗಿ, ಒಳಗೊಳಗೇ ದಾರಿ ಮಾಡಿಕೊಂಡು ಹಿಂದುಗಡೆ ಬುಗ್ಗೆಯಾಗಿ ಏಳುತ್ತದೆ. ಆದ್ದರಿಂದ ಏರಿಯನ್ನು ಬಲಪಡಿಸುವುದೆಂದರೆ ಬರಿದೆ ಮಣ್ಣು ಪೇರಿಸುವುದಲ್ಲ. ನೆತ್ತಿಯನ್ನು ಎತ್ತರಿಸಬೇಕು, ಎರಡು ಪಕ್ಕಗಳ ಇಳಿಜಾರುಗಳನ್ನೂ ಓರೆಯಾಗಿಸಿ ಬುಡವನ್ನು ಅಗಲಿಸಬೇಕು, ಒಳಗೆ ಮರಳಿದ್ದರೂ ಹೊರಗೆ ನೀರು ಹಿಡಿಯದ ಜೇಡಿಯ ಹೊದಿಕೆ ಹಾಕಬೇಕು, ಅಲೆ ಬಡಿಯುವೆಡೆ ಕಲ್ಲು ಕಟ್ಟಬೇಕು, ಉಳಿದೆಡೆ ಬೇರುಗಳಿಂದ ಮಣ್ಣನ್ನು ಬಿಗಿಹಿಡಿಯುವ ಹುಲ್ಲನ್ನು ದಟ್ಟವಾಗಿ ಬೆಳೆಸಬೇಕು. 300 ಕಿಲೋಮೀಟರು ಉದ್ದಕ್ಕೂ ಇದನ್ನೆಲ್ಲ ಮಾಡುವುದಕ್ಕಿಂತ ಲೇಲಿಯ ಮಾರ್ಗವೇ ಮೇಲೆಂಬುದು ಪ್ರವಾಹದ ತರುವಾಯ ಜನರಿಗೆ ಮನದಟ್ಟಾಯಿತು. ಯುದ್ಧದಿಂದ ಉಂಟಾದ ಆಹಾರದ ಅಭಾವವು ಹೊಸ ಹೊಲಗಳ ಅಗತ್ಯವನ್ನೂ ತೋರಿಸಿಕೊಟ್ಟಿತು.

1916ರ ಸೆಪ್ಟೆಂಬರಿನಲ್ಲಿ ಲೇಲಿ ಮತ್ತೊಮ್ಮೆ ಮಸೂದೆಯನ್ನು ಮಂಡಿಸಿದನು. 1918ರ ಜೂನ್ 14ರಂದು ಅದು ಶಾಸನವಾಯಿತು. ಯೋಜನೆಯನ್ನು ರೂಪಿಸಿದಾಗ ತರುಣನಾಗಿದ್ದವನು ಈಗ ಅರವತ್ತಮೂರರ ವೃದ್ಧನಾಗಿದ್ದನು. ಇಪ್ಪತ್ತೇಳು ವರ್ಷಗಳ ತಾಳ್ಮೆಗೆ ಕೊನೆಗೂ ಫಲ ದೊರೆಯಿತು.

ಆದರೆ ಒಂದು ಗಂಭೀರವಾದ ಪ್ರಶ್ನೆ ಉಳಿದಿತ್ತು. ಕೊಲ್ಲಿಯ ಬಾಯನ್ನು ಮುಚ್ಚಿದರೆ ಒಳಗಿನ ಊರುಗಳು ಬದುಕುವುವು, ನಿಜ. ಒಳಗೆ ಬರುತ್ತಿದ್ದ ನೀರು ಆಗ ಎಲ್ಲಿಗೆ ಹೋಗಬೇಕು? ಅದು ಹೊಸ ಏರಿಗೆ ಬಡಿದು ಹೊರಗಡೆಯೇ ಇನ್ನೂ ಎತ್ತರಕ್ಕೆ ಏರಿ, ಫ್ರೀಸ್‌ಲಂಡಿನ ಹೊರತೀರದ ಊರುಗಳನ್ನು ಮುಳುಗಿಸಲಾರದೇ? ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವಲ್ಲ. ಇದನ್ನು ನಿರ್ಣಯಿಸಲು 1918ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷನು ಇಂಜಿನಿಯರನಲ್ಲ. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಮಹಾ ಭೌತವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್. ಅವನು ಎಂಟು ವರ್ಷ ಶ್ರಮಿಸಿ, ಕಡಲಿನ ಕಾಲುವೆಗಳಲ್ಲಿ ಉಬ್ಬರವಿಳಿತಗಳು ಹರಿಯುವ ಬಗೆಯನ್ನು ಗಣಿತದಿಂದ ಬಿಡಿಸಿದನು. ಮೊದಲು, ಇದ್ದ ಸ್ಥಿತಿಗೇ ಲೆಕ್ಕವನ್ನು ಅನ್ವಯಿಸಿ ಅದು ಅಳತೆಗಳೊಡನೆ ತಾಳೆಯಾಗುವುದನ್ನು ಕಂಡುಕೊಂಡು, ಬಳಿಕ ಇನ್ನೂ ಇಲ್ಲದ ಏರಿಯ ಪರಿಣಾಮವನ್ನು ಗುಣಿಸಿದನು. ಹೊರಗಿನ ನೀರು ಏರುವುದು ದಿಟವೆಂದು ಅವನ ಲೆಕ್ಕ ತೋರಿಸಿತು. ಅದರಂತೆ ಹೊರತೀರದ ಹಳೆಯ ಏರಿಗಳನ್ನು ಎಷ್ಟೆಷ್ಟು ಎತ್ತರಿಸಿ ಬಲಪಡಿಸಬೇಕೆಂಬುದನ್ನು ಗೊತ್ತುಮಾಡಲಾಯಿತು. ಪಿಯಾಮ್ ಎಂಬ ಹಳ್ಳಿಯ ಬಳಿ ಮುಗಿಯಬೇಕಾಗಿದ್ದ ಲೇಲಿಯ ಏರಿಯನ್ನು ಇನ್ನೂ ಉತ್ತರಕ್ಕೆ ಸರಿಸುವುದು ಲೇಸೆಂದು ಸಮಿತಿ ಸೂಚಿಸಿತು. ತನ್ನ ನಕ್ಷೆಯೇ ಅಂತಿಮವೆಂಬ ಹಟ ಅಡ್ಡಬರಲಿಲ್ಲ. ಏರಿ ಸಮಿತಿಯು ತೋರಿದ ದಾರಿಯಲ್ಲಿಯೇ ಸಾಗಿತು. ಮುಂದೆ ಸಮುದ್ರ ಮುಚ್ಚಿದ ಮೇಲೆ ಅಳೆದಾಗ ನೀರಿನ ಏರಿಕೆ ಸಮಿತಿಯ ಲೆಕ್ಕಕ್ಕೆ ಬಹುಮಟ್ಟಿಗೆ ಸರಿಹೊಂದಿತು.

1920ರಲ್ಲಿ ಕೆಲಸ ಆರಂಭವಾಯಿತು. ಮೊದಲು ಉತ್ತರ ಹಾಲೆಂಡನ್ನು ವೀರಿಂಗನ್ ದ್ವೀಪಕ್ಕೆ ಸೇರಿಸುವ ಎರಡೂವರೆ ಕಿಲೋಮೀಟರಿನ ಚಿಕ್ಕ ಏರಿಯನ್ನು ಕಟ್ಟಲಾಯಿತು. ಅದು ಮುಗಿಯಲು 1924ರವರೆಗೆ ಹಿಡಿಯಿತು. ಹಣದ ಮುಗ್ಗಟ್ಟಿನಿಂದ ನಡುವೆ ಕೆಲಸ ಮಂದವಾಯಿತು. 1927ರಲ್ಲಿ ವೀರಿಂಗನ್ ದ್ವೀಪದಿಂದ ಫ್ರೀಸ್‌ಲಂಡಿನವರೆಗೆ ಹೋಗುವ ಹಿರಿಯ ಏರಿಯ ಕಾರ್ಯ ಭರದಿಂದ ಮೊದಲಾಯಿತು. ಇಂದು ಆಫ್‌ಸ್ಲೈಟ್‌ಡೈಕ್, ಎಂದರೆ ಮುಚ್ಚುವ ಏರಿ, ಎಂದು ಕರೆಯುವುದು ಇದನ್ನೇ. ಇದರ ಉದ್ದ 32 ಕಿಲೋಮೀಟರು.

ಹರಿಯುವ ಕಡಲಿನ ನಡುವೆ ಮಣ್ಣಿನ ಏರಿ ಎಬ್ಬಿಸುವುದೆಂತು? ಸುರಿದ ಮಣ್ಣನ್ನು ನೀರು ಸೆಳೆದುಕೊಂಡು ಹೋಗುವುದಿಲ್ಲವೇ? ಅದೃಷ್ಟವಶಾತ್ ಜೈಡರ್ ಜೀಯ ತಳದಲ್ಲಿಯೇ ಒಂದು ಬಗೆಯ ಗಟ್ಟಿಯಾದ ಜೇಡಿ ದೊರೆಯಿತು. ಹಿಮಯುಗದ ಹಿಮನದಿಗಳು ಕಲ್ಲು, ಮರಳು, ಜೇಡಿಗಳನ್ನು ಅರೆದು ಬಿಟ್ಟುಹೋದ ಮಣ್ಣು ಅದು. ಅದು ಭಾರವಾಗಿಯೂ ಅಂಟಾಗಿಯೂ ಇದ್ದುದರಿಂದ ಪ್ರವಾಹಕ್ಕೆ ಸುಲಭವಾಗಿ ಕರಗುತ್ತಿರಲಿಲ್ಲ. ಯಂತ್ರಗಳಿಂದ ಅದನ್ನು ಮೇಲೆತ್ತಿ ದೋಣಿಗಳಲ್ಲಿ ತುಂಬಿ ತಂದು ಎರಡು ಸಾಲಾಗಿ ಸುರಿದರು. ನಡುವಣ ತೆರಪನ್ನು ಮರಳಿನಿಂದ ತುಂಬಿದರು. ಏರಿಯ ಬುಡ ಕೊರೆಯದಿರಲೆಂದು ವಿಲೋ ಮರದ ಬಳುಕುವ ಕಡ್ಡಿಗಳಿಂದ ಭಾರಿ ಚಾಪೆಗಳನ್ನು ಹೆಣೆದು, ಅವುಗಳನ್ನು ತೇಲಿಸಿಕೊಂಡು ಹೋಗಿ, ಮೇಲೆ ಕಲ್ಲು ಹೇರಿ ಕಡಲ ತಳಕ್ಕೆ ಮುಳುಗಿಸಿದರು. ಇದು ಡಚ್ಚರ ಬಹು ಹಳೆಯ ಕುಶಲವಿದ್ಯೆ. ಇಳಿಜಾರುಗಳಿಗೆ ಕಲ್ಲಿನ ಹೊದಿಕೆ ಹಾಕಿದರು. ನೀರಿನ ಮಟ್ಟದಲ್ಲಿ ಏರಿಯ ಅಗಲ ಸುಮಾರು 90 ಮೀಟರು. ಸಾವಿರಾರು ಕೂಲಿಗಾರರು ಚಳಿಗಾಳಿಗಳಲ್ಲಿ ಹಗಲಿರುಳು ದುಡಿದರು. ಸರೋವರದ ನೀರನ್ನು ಹೊರಬಿಡಲು ಪಶ್ಚಿಮದ ತುದಿಯ ಡೆನ್ ಊವರ್ ಎಂಬಲ್ಲಿ ಹದಿನೈದು, ಪೂರ್ವದ ಕಾರ್ನ್‌ವೆರ್ಡರ್‌ಜಂಡ್ ಎಂಬಲ್ಲಿ ಹತ್ತು, ಒಟ್ಟು ಇಪ್ಪತ್ತೈದು ತೂಬುಗಳನ್ನು ನಿರ್ಮಿಸಿದರು.

ಏರಿ ಬೆಳೆದಂತೆಲ್ಲ ಕೆಲಸ ಕಠಿಣವಾಗುತ್ತ ಹೋಯಿತು. ತೆರಪು ಕಿರಿದಾದಷ್ಟೂ ಅದರಲ್ಲಿ ನುಗ್ಗುವ ನೀರಿನ ರಭಸ ಹೆಚ್ಚುತ್ತದೆ. ರಭಸ ಹೆಚ್ಚಿದಷ್ಟೂ ತಳ ಕೊರೆದು ಆಳವಾಗುತ್ತದೆ. ಆದುದರಿಂದ ಕೊನೆಯ ತೆರಪುಗಳಲ್ಲಿ ಮೊದಲೇ ನೀರಿನಡಿಯಲ್ಲಿ ಹೊಸ್ತಿಲನ್ನು ಕಟ್ಟಿ ಸಿದ್ಧವಾಗಿಟ್ಟಿದ್ದರು. 1932ರ ಮೇ 28ರಂದು, ವ್ಲೀಟರ್ ಎಂಬ ಕಾಲುವೆಯ ಬಳಿ ಕೊನೆಯ ತೆರಪು ಮುಚ್ಚಿತು. ಆ ಕ್ಷಣದಿಂದ ಜೈಡರ್ ಜೀ ಎಂಬ ಸಮುದ್ರ ಇಲ್ಲವಾಯಿತು. ಐಸಲ್ ಸರೋವರ ಹುಟ್ಟಿತು. ಹಡಗುಗಳು ಕೂಗಿದವು, ಜನರು ಜಯಕಾರ ಮಾಡಿದರು. ಆದರೆ ಆ ನೋಟವನ್ನು ನೋಡಲು ಲೇಲಿ ಇರಲಿಲ್ಲ. 1929ರ ಜನವರಿ 22ರಂದು, ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹೇಗ್ ನಗರದಲ್ಲಿ ಅವನು ಕಣ್ಮುಚ್ಚಿದ್ದನು. ಏರಿಯ ಉಬ್ಬರವಿಳಿತಗಳನ್ನು ಲೆಕ್ಕ ಹಾಕಿದ ಲೊರೆಂಟ್ಸ್ ಅದಕ್ಕೂ ಸುಮಾರು ಒಂದು ವರ್ಷ ಮೊದಲೇ ತೀರಿಕೊಂಡಿದ್ದನು. ಸಸಿ ನೆಟ್ಟವನು ನೆರಳಿನಲ್ಲಿ ಕೂರಲಿಲ್ಲ. ಆದರೂ ಸಸಿಯನ್ನು ನೆಟ್ಟೇ ಹೋದನು.

ಈ ವಿಜಯದ ಸಂದರ್ಭದಲ್ಲಿ ಕಣ್ಣೀರಿಟ್ಟವರೂ ಇದ್ದರು. ವೊಲೆಂಡಾಮ್, ಮಾರ್ಕನ್, ಉರ್ಕ್ ಮೊದಲಾದ ಊರುಗಳ ಮೀನುಗಾರರು ತಲೆತಲಾಂತರದಿಂದ ಆ ಕಡಲನ್ನೇ ನಂಬಿದ್ದರು. ನೀರು ಸಿಹಿಯಾಗುತ್ತ ಬಂದಂತೆ ಉಪ್ಪುನೀರಿನ ಹೆರ್ರಿಂಗ್ ಮೊದಲಾದ ಮೀನುಗಳು ಮಾಯವಾದವು. ಇದನ್ನು ಮುಂಗಂಡು 1925ರಲ್ಲಿಯೇ ಮೀನುಗಾರರಿಗೆ ನೆರವು ನೀಡುವ ಶಾಸನವೊಂದನ್ನು ಮಾಡಲಾಗಿತ್ತು. ಆದರೆ ದೋಣಿಯನ್ನು ಮಾರಿ ಬೇರೆ ಕಸುಬನ್ನು ಹಿಡಿಯಬೇಕಾದವನ ನೋವನ್ನು ಹಣ ಪೂರ್ಣವಾಗಿ ತುಂಬಿಕೊಡಲಾರದು. ಉರ್ಕಿನ ಮೀನುಗಾರರು ಎದೆಗುಂದದೆ ತಮ್ಮ ಹಡಗುಗಳನ್ನು ಉತ್ತರ ಸಮುದ್ರಕ್ಕೆ ಕೊಂಡೊಯ್ದು ಕಸುಬನ್ನು ಉಳಿಸಿಕೊಂಡರು. ಎಲ್ಲರ ಹಿತಕ್ಕಾಗಿ ನಡೆಯುವ ದೊಡ್ಡ ಕಾರ್ಯಗಳಲ್ಲಿ ಕೆಲವರು ಹೆಚ್ಚಿನ ಬೆಲೆ ತೆರಬೇಕಾಗುತ್ತದೆಂಬುದನ್ನು ನಾವು ಮರೆಯಬಾರದು.

ಲೇಲಿ ಸೂಚಿಸಿದ ಪೋಲ್ಡರುಗಳು ಒಂದೊಂದಾಗಿ ನೀರಿನಿಂದ ಮೇಲೆದ್ದವು. 1930ರಲ್ಲಿ ಒಣಗಿದ ವೀರಿಂಗರ್‌ಮೀರ್ ಮೊದಲನೆಯದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲಿನಲ್ಲಿ, ಜರ್ಮನ್ ಸೈನಿಕರು ಅದರ ಏರಿಯನ್ನು ಸಿಡಿಸಿ ಮುಳುಗಿಸಿದರೂ ಡಚ್ಚರು ಆ ವರ್ಷದೊಳಗೇ ಮತ್ತೆ ನೀರನ್ನು ಹೊರಹಾಕಿದರು. 1942ರಲ್ಲಿ ಈಶಾನ್ಯ ಪೋಲ್ಡರ್, 1957ರಲ್ಲಿ ಪೂರ್ವ ಫ್ಲೆವೊಲಂಡ್, 1968ರಲ್ಲಿ ದಕ್ಷಿಣ ಫ್ಲೆವೊಲಂಡ್ ಸಿದ್ಧವಾದವು. ಹೀಗೆ ದೊರೆತ ನೆಲ ಒಟ್ಟು ಸುಮಾರು 1,65,000 ಹೆಕ್ಟೇರು. ಯೋಜನೆಯಲ್ಲಿದ್ದ ಇನ್ನೊಂದು ಪೋಲ್ಡರನ್ನು, ಸರೋವರವಾಗಿರುವುದೇ ಹೆಚ್ಚು ಉಪಯುಕ್ತವೆಂದು ಮುಂದಿನ ತಲೆಮಾರಿನವರು ಕೈಬಿಟ್ಟರು. ಕಡಲ ತಳವಾಗಿದ್ದೆಡೆ ಹುಟ್ಟಿದ ಒಂದು ನಗರಕ್ಕೆ ಲೇಲಿಯ ಹೆಸರನ್ನೇ ಇಟ್ಟು ಲೇಲಿಸ್ಟಡ್ ಎಂದು ಕರೆದರು. 1967ರಲ್ಲಿ ಅಲ್ಲಿಗೆ ಮೊದಲ ನಿವಾಸಿಗಳು ಬಂದರು. 1986ರಲ್ಲಿ ರಚನೆಯಾದ ಫ್ಲೆವೊಲಂಡ್ ಪ್ರಾಂತಕ್ಕೆ ಅದೇ ರಾಜಧಾನಿಯಾಯಿತು.

ಆದರೆ ಲೇಲಿಯ ಏರಿಗೆ ನಿಜವಾದ ಪರೀಕ್ಷೆ ಬಂದುದು 1953ರಲ್ಲಿ. ಜನವರಿ 31ರ ರಾತ್ರಿ ಉತ್ತರ ಸಮುದ್ರ ಮತ್ತೆ ಕೆರಳಿತು. ಹಾಲೆಂಡಿನ ನೈಋತ್ಯ ಭಾಗದಲ್ಲಿ, ಹಳೆಯದಾಗಿಯೂ ತಗ್ಗಾಗಿಯೂ ಇದ್ದ ಏರಿಗಳು ನೂರಾರು ಕಡೆ ಒಡೆದು 1,836 ಜನ ಮಡಿದರು. ಜೈಡರ್ ಜೀಯ ಹಳೆಯ ತೀರದ ಊರುಗಳು ಮಾತ್ರ ಆ ರಾತ್ರಿ ಮುಳುಗಲಿಲ್ಲ. ಅವುಗಳಿಗೂ ಕಡಲಿಗೂ ನಡುವೆ ಆ 32 ಕಿಲೋಮೀಟರಿನ ಏರಿ ನಿಂತಿತ್ತು. ಮುಂದೆ ನೈಋತ್ಯದ ಅಳಿವೆಗಳಲ್ಲಿ ಡಚ್ಚರು ಕೈಗೊಂಡ ಡೆಲ್ಟಾ ಯೋಜನೆಯೂ ಲೇಲಿಯ ತತ್ತ್ವವನ್ನೇ ಅನುಸರಿಸಿತು: ಕಾಯಬೇಕಾದ ತೀರವನ್ನು ಚಿಕ್ಕದಾಗಿಸಿ, ಇದ್ದುದನ್ನು ಬಲಪಡಿಸುವುದು.

ಇಂದು ಆ ಏರಿಯ ಮೇಲೆ ಹೆದ್ದಾರಿ ಹರಿಯುತ್ತದೆ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು. ನಡುವೆ ಶಿಲ್ಪಿ ಮಾರಿ ಆಂಡ್ರೀಸನ್ 1954ರಲ್ಲಿ ನಿರ್ಮಿಸಿಕೊಟ್ಟ ಲೇಲಿಯ ಕಂಚಿನ ಪ್ರತಿಮೆ ಗಾಳಿಗೆ ಎದುರಾಗಿ ನಿಂತಿದೆ. ಆದರೆ ಡಚ್ಚರು ಅವನಿಗೆ ಸಲ್ಲಿಸಿದ ಹೆಚ್ಚಿನ ಗೌರವ ಪ್ರತಿಮೆಯಲ್ಲ. ಸಮುದ್ರಮಟ್ಟ ಏರುತ್ತಿರುವುದನ್ನು ಕಂಡು ಅವರು 2019ರಲ್ಲಿ ಆ ಏರಿಯನ್ನು ಮತ್ತೆ ಬಲಪಡಿಸತೊಡಗಿದರು. ಹತ್ತು ಸಾವಿರ ವರ್ಷಗಳಿಗೊಮ್ಮೆ ಬರಬಹುದಾದ ಬಿರುಗಾಳಿಯನ್ನೂ ತಾಳಿಕೊಳ್ಳಲೆಂದು, ಒಂದೊಂದೂ ಆರೂವರೆ ಟನ್ ತೂಗುವ ಸುಮಾರು 75,000 ಕಾಂಕ್ರೀಟ್ ಗಟ್ಟಿಗಳನ್ನು ಅದರ ಕಡಲ ಬದಿಗೆ ಹೊದಿಸಿದರು. ನೀರನ್ನು ಹೊರಬಿಡಲು ಹೊಸ ತೂಬುಗಳನ್ನೂ ಪಂಪುಗಳನ್ನೂ ಸೇರಿಸುವ ಕೆಲಸವನ್ನು ಕೈಗೊಂಡರು.

ಏರಿಯನ್ನು ಕಟ್ಟುವವನು ತನಗಾಗಿ ಕಟ್ಟುವುದಿಲ್ಲ. ತಾನು ಕಾಣದ ಬಿರುಗಾಳಿಗೆ, ತಾನು ಅರಿಯದ ಜನರಿಗಾಗಿ ಕಟ್ಟುತ್ತಾನೆ. ಕಟ್ಟಿದುದನ್ನು ಕಾಯುವ ಹೊಣೆ ಅನಂತರ ಬಂದವರದು. ಲೇಲಿ ನಲವತ್ತಕ್ಕೂ ಹೆಚ್ಚು ವರ್ಷ ಒಂದೇ ಕಾರ್ಯವನ್ನು ಹಿಡಿದು ನಡೆಸಿ ತನ್ನ ಹೊಣೆಯನ್ನು ತೀರಿಸಿದನು. ಅವನ ನಾಡಿನ ಜನರು ತಮ್ಮ ಹೊಣೆಯನ್ನು ತೀರಿಸುತ್ತಲೇ ಇದ್ದಾರೆ. ನಮ್ಮೂರಿನ ಕೆರೆಯ ಏರಿಯ ಮೇಲೆ ನಡೆಯುವಾಗ, ಅದನ್ನು ಕಟ್ಟಿದ ಹೆಸರಿಲ್ಲದ ಹಿರಿಯರನ್ನು ನೆನೆಯುವುದರ ಜೊತೆಗೆ, ಅದರಲ್ಲಿ ಬಿರುಕು ಬಿಟ್ಟಿದೆಯೇ ಎಂದು ಒಮ್ಮೆ ನೋಡುವುದನ್ನೂ ಈ ಜೀವನ ನಮಗೆ ಕಲಿಸುತ್ತದೆ.